ಅವ್ವನ ಕಿವಿಯನ್ನು ಯಾರೂ ನೋಡಲಿಲ್ಲ: ದಾವಣಗೆರೆ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,
ದಾವಣಗೆರೆ.

ವಿಷಯ: ಹಿರಿಯರ ಮರೆವಿನ ಕಾಯಿಲೆಯ (ಡಿಮೆನ್ಶಿಯಾ) ತಪಾಸಣೆ ಮತ್ತು ತಡೆಯ ಬಗ್ಗೆ ಮನವಿ.

ಮಾನ್ಯರೇ,

ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಇದನ್ನೇ ಒಂದು ಅರ್ಜಿಯಲ್ಲಿ ಬರೆದು, ಕಚೇರಿಯಲ್ಲಿ ಸೀಲು ಹಾಕಿಸಿಕೊಂಡು ಬರಬಹುದಿತ್ತು. ಆದರೆ ವಯಸ್ಸಾದವರ ಮರೆವಿನ ಬಗ್ಗೆ ನಮ್ಮ ಮನೆಗಳಲ್ಲಿ ಬಾಯಿ ಬಿಡುವವರೇ ಕಡಿಮೆ. ಹೊರಗೆ ಗೊತ್ತಾದರೆ ಮೊಮ್ಮಕ್ಕಳಿಗೆ ಸಂಬಂಧ ಕೂಡಿಬರುವುದು ಕಷ್ಟ ಅನ್ನುವ ಭಯ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮನೆಯಲ್ಲಿ ಅಜ್ಜಿಯೋ ತಾತನೋ ಮರೆಯಲು ಶುರು ಮಾಡಿದರೆ ನಮ್ಮಲ್ಲಿ ಎರಡು ಮಾತು ಬರುತ್ತವೆ. ಒಂದು, ‘ವಯಸ್ಸಾಯ್ತಲ್ವಾ, ಅರಳು ಮರಳು.’ ಇನ್ನೊಂದು, ‘ಅವರ ವಂಶದಲ್ಲೇ ಇದೆ.’ ಇವೆರಡೂ ಮುಂದೆ ಏನೂ ಮಾಡದೇ ಇರೋದಕ್ಕೆ ದಾರಿ ಆಗಿಬಿಟ್ಟಿವೆ. ಮನೆಯವರು ಹೀಗೆ ಅಂದರೆ ಅದು ತಿಳಿವಳಿಕೆ ಇಲ್ಲದ್ದಕ್ಕೆ. ಆಸ್ಪತ್ರೆಯಲ್ಲೂ ಇದೇ ಮಾತು ಕೇಳಿಬಂದಾಗ ಮಾತ್ರ ನನಗೆ ಸಿಟ್ಟು ಬಂತು. ಆ ಸಿಟ್ಟಿನಿಂದಲೇ ಈ ಪತ್ರ.

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಉಪ್ಪು ಬೆರೆಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿ, ಅರಳುತ್ತಿದ್ದ ಹಾಗೇ ತೆಗೆದು ಜರಡಿ ಹಿಡಿಯುವ ಕೆಲಸ. ತಗಡಿನ ಸೂರಿನ ಕೆಳಗೆ ಹೊಗೆ ತಲೆಯ ಮೇಲೇ ನಿಂತಿರುತ್ತಿತ್ತು. ಅಪ್ಪ ಹತ್ತಿ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತವರು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂತ ಅವರಿಗೆ ಹೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಐವತ್ತಕ್ಕೆಲ್ಲ ಅವರಿಗೆ ಕಿವಿ ಮಂದವಾಗಿತ್ತು. ನಮ್ಮ ಓಣಿಯಲ್ಲಿ ಮಿಲ್ಲಿಗೆ ಹೋಗಿ ಬಂದ ಅವರ ಜೊತೆಯವರೆಲ್ಲ ಹಾಗೇ ಜೋರಾಗಿ ಮಾತಾಡುತ್ತಿದ್ದರು. ಅದು ಕಿವಿ ಹೋದವರ ಮಾತು ಅಂತ ಆಗ ನಮಗೆ ಯಾರೂ ಹೇಳಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ಮಾತು ಕಡಿಮೆ ಮಾಡಿದಳು. ಆಮೇಲೆ ಒಂದೊಂದೇ ಕಾಣಿಸತೊಡಗಿತು. ರೇಷನ್ ಕಾರ್ಡನ್ನು ಜೋಳದ ಡಬ್ಬದಲ್ಲಿಟ್ಟು ಕಳೆದುಹೋಯಿತು ಅಂತ ಅಳುವುದು. ಸಾರಿಗೆ ಎರಡು ಸಲ ಉಪ್ಪು ಹಾಕುವುದು. ಸಂತೆಗೆ ಹೋದವಳು ದಾರಿ ತಿಳಿಯದೆ ಯಾರದ್ದೋ ಕಟ್ಟೆಯ ಮೇಲೆ ಕೂತುಬಿಡುವುದು.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದು ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರ ಮೇಲೆ ಗೂಬೆ ಕೂರಿಸುವುದು ನನ್ನ ಉದ್ದೇಶ ಅಲ್ಲ. ವೈದ್ಯರು ಅವ್ವನಿಗೆ ತಾರೀಖು ಕೇಳಿದರು. ಅವ್ವನಿಗೆ ಹುಣ್ಣಿಮೆ, ಅಮಾವಾಸ್ಯೆ ಗೊತ್ತು, ತಾರೀಖು ಮೊದಲಿನಿಂದಲೂ ಗೊತ್ತಿಲ್ಲ. ನೂರರಿಂದ ಏಳು ಕಳೆಯುತ್ತಾ ಹೋಗಿ ಅಂದರು. ಕೊನೆಗೆ ಒಂದು ಹಾಳೆ, ಪೆನ್ನು ಕೊಟ್ಟು ಏನಾದರೂ ಒಂದು ವಾಕ್ಯ ಬರೆಯಿರಿ ಅಂದರು. ಅವ್ವ ಪೆನ್ನನ್ನು ಮೇಜಿನ ಮೇಲೆ ಹಾಗೇ ಇಟ್ಟು ಹೆಬ್ಬೆರಳು ಮುಂದೆ ಚಾಚಿದಳು. ‘ಇಂಕು ಎಲ್ಲೈತಿ?’ ಅಂತ ಕೇಳಿದಳು. ಅವರು ನಕ್ಕರು. ಅಂಕಗಳನ್ನು ಕೂಡಿ ‘ಡಿಮೆನ್ಶಿಯಾ, ವಯಸ್ಸಿನದು’ ಅಂತ ಬರೆದರು. ‘ನಿಮ್ಮ ಅಜ್ಜಿಗೂ ಇತ್ತಾ?’ ಅಂತ ನನ್ನನ್ನು ಕೇಳಿದರು. ಇತ್ತು ಅಂದೆ. ಹಾಗಾದರೆ ಅದೇ, ಅಂದರು. ಅಲ್ಲಿಗೆ ಮುಗಿಯಿತು.

ಅವ್ವನ ಕಿವಿಯನ್ನು ಯಾರೂ ನೋಡಲಿಲ್ಲ. ಕಣ್ಣು ನೋಡಲಿಲ್ಲ. ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ, ಥೈರಾಯ್ಡ್ ಹೇಗಿದೆ ಅಂತ ಬರೆದುಕೊಡಲಿಲ್ಲ. ನಿದ್ದೆ ಬರುತ್ತಿಲ್ಲ ಅಂತ ಮೆಡಿಕಲ್ ಶಾಪಿನಿಂದ ಏನು ಮಾತ್ರೆ ತಂದು ನುಂಗುತ್ತಿದ್ದಾಳೆ ಅಂತ ಕೇಳಲಿಲ್ಲ. ಇವುಗಳಲ್ಲಿ ಒಂದೊಂದರ ತೊಂದರೆಯೂ ಮರೆವನ್ನು ಜಾಸ್ತಿ ಮಾಡಬಹುದು. ಬಿ12 ಕೊರತೆ, ಥೈರಾಯ್ಡ್ ಕೊರತೆಯಿಂದ ಬಂದ ಮಂಕುತನ ಚಿಕಿತ್ಸೆಯಿಂದ ಸುಧಾರಿಸಬಹುದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗಬಹುದು. ನಮ್ಮ ಜಿಲ್ಲೆಯಲ್ಲಿ ಆ ಮಾತ್ರೆ ನುಂಗುವ ಹಿರಿಯರು ಮನೆಗೊಬ್ಬರಾದರೂ ಇದ್ದಾರೆ, ಅಲ್ವಾ?

‘ವಂಶದಲ್ಲಿದೆ’ ಅನ್ನುವ ಮಾತು ನಮ್ಮ ಅಣ್ಣನ ತಲೆಯಲ್ಲಿ ಕೂತುಬಿಟ್ಟಿತು. ಅಷ್ಟರಲ್ಲಿ ಒಂದು ಖಾಸಗಿ ಲ್ಯಾಬಿನವರು ಅವನಿಗೆ ಜೀನ್ ಪರೀಕ್ಷೆಯ ಪ್ಯಾಕೇಜು ತೋರಿಸಿದರು. ಸಾವಿರಗಟ್ಟಲೆ ದುಡ್ಡು. ‘ನಿಮಗೆ, ನಿಮ್ಮ ಮಕ್ಕಳಿಗೆ ಬರುತ್ತಾ ಇಲ್ವಾ ಅಂತ ಈಗಲೇ ತಿಳ್ಕೊಳ್ಳಿ’ ಅಂದರಂತೆ. ಅವನು ಸಾಲ ಮಾಡಿ ಕೊಡಲು ಹೊರಟಿದ್ದ. ವಿಜ್ಞಾನ ಓದಿದವಳಾಗಿ ಆ ದಿನ ನಾನು ಅವನ ಮುಂದೆ ಕೂತು ಬಿಡಿಸಿ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಜಿಲ್ಲೆಯಲ್ಲಿ ಇನ್ನೆಷ್ಟು ಅಣ್ಣಂದಿರು ಹೀಗೆ ಹೆದರಿದ್ದಾರೋ.

ಲ್ಯಾಬಿನವರು ನೋಡುವುದು ಮುಖ್ಯವಾಗಿ ಎಪಿಒಇ ಅನ್ನುವ ಜೀನನ್ನು. ದೇಹದಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಒಂದು ಪ್ರೋಟೀನನ್ನು ಮಾಡುವುದು ಇದರ ಕೆಲಸ. ಇದರಲ್ಲಿ ಇ2, ಇ3, ಇ4 ಅಂತ ಮೂರು ಬಗೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ಪ್ರತಿ ಬರುತ್ತವೆ. ಇ4ಗೂ, ಡಿಮೆನ್ಶಿಯಾಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಅಲ್ಝೈಮರ್ ಕಾಯಿಲೆಗೂ ನಂಟಿದೆ ಅಂತ 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು. ಒಂದು ಇ4 ಇದ್ದರೆ ಅಪಾಯ ಎರಡು ಮೂರು ಪಟ್ಟು ಜಾಸ್ತಿ, ಎರಡಿದ್ದರೆ ಇನ್ನೂ ಜಾಸ್ತಿ. ಈ ಲೆಕ್ಕ ಹೆಚ್ಚಾಗಿ ಯುರೋಪಿನ ಮೂಲದ ಜನರ ಮೇಲೆ ಮಾಡಿದ್ದು. ಇ4 ಇದ್ದೂ ಕೊನೆವರೆಗೆ ಚುರುಕಾಗಿದ್ದವರು ಬೇಕಾದಷ್ಟಿದ್ದಾರೆ. ಇ4 ಇಲ್ಲದೆಯೂ ಮರೆವಿಗೆ ಬಿದ್ದವರು ಬೇಕಾದಷ್ಟಿದ್ದಾರೆ. ಜೀನು ಜಾತಕ ಅಲ್ಲ.

ತಲೆಮಾರಿನಿಂದ ತಲೆಮಾರಿಗೆ ಹೆಚ್ಚುಕಡಿಮೆ ಖಚಿತವಾಗಿ ಬರುವ ಅಲ್ಝೈಮರ್ ಕೂಡ ಇದೆ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಅನ್ನುವ ಜೀನುಗಳಲ್ಲಿ ದೋಷ ಇದ್ದಾಗ ಬರುವುದು ಅದು. ಒಟ್ಟು ಅಲ್ಝೈಮರ್ ರೋಗಿಗಳಲ್ಲಿ ಇಂಥವರು ನೂರಕ್ಕೆ ಒಬ್ಬರೂ ಇಲ್ಲ. ಅದು ಸಾಮಾನ್ಯವಾಗಿ 65ಕ್ಕೆ ಮುಂಚೆಯೇ, ಎಷ್ಟೋ ಸಲ ನಲವತ್ತು ಐವತ್ತರಲ್ಲೇ ಶುರುವಾಗುತ್ತದೆ. ಹಾಗಿದ್ದ ಮನೆಯವರು ತಜ್ಞರ ಬಳಿ ಹೋಗಿ, ಕೂತು ಮಾತಾಡಿ ಪರೀಕ್ಷೆ ಮಾಡಿಸಿಕೊಳ್ಳುವುದರಲ್ಲಿ ಅರ್ಥ ಇದೆ. ಎಪ್ಪತ್ತು ದಾಟಿದ ಮೇಲೆ ಮರೆವು ಬಂದ ತಾಯಿಯ ಮಗನಿಗೆ, ಮಾತಾಡಿಸುವ ವೈದ್ಯರೂ ಇಲ್ಲದೆ, ಒಂದು ಹಾಳೆಯಲ್ಲಿ ‘ಇ4 ಇದೆ’ ಅಂತ ಬರೆದು ಕೈಗೆ ಕೊಟ್ಟರೆ ಅವನು ಏನು ಮಾಡಬೇಕು?

ಹಾಗಂತ ಜೀನಿನ ಅಧ್ಯಯನ ಬೇಡ ಅಂತ ಅಲ್ಲ. ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಯ ಜನರನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ರಕ್ತ, ಜೀನು, ಮಿದುಳಿನ ಸ್ಕ್ಯಾನು, ಬಿಪಿ, ಊಟ, ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಅದು ಸರಿಯಾದ ದಾರಿ. ಜೀನನ್ನು ಬದುಕಿನಿಂದ ಬೇರೆ ಮಾಡಿ ಪ್ಯಾಕೇಜು ಮಾಡಿ ಮಾರುವುದು ಸರಿಯಲ್ಲ.

ಇನ್ನು ನಮ್ಮ ಕೈಯಲ್ಲಿರುವ ಸಂಗತಿಗೆ ಬರುತ್ತೇನೆ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಒಂದು ವರದಿ ಕೊಟ್ಟಿತು. ಬದಲಾಯಿಸಲು ಆಗುವ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು 45 ಶೇಕಡಾವನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಅನ್ನುತ್ತದೆ ಅದು. ಓದು ಸಿಗದಿರುವುದು, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲು, ಬೊಜ್ಜು, ಬೀಡಿ ಸಿಗರೇಟು, ಕುಡಿತ, ತಲೆಗೆ ಪೆಟ್ಟು, ಮೈ ಅಲುಗಿಸದಿರುವುದು, ಖಿನ್ನತೆ, ಒಂಟಿತನ, ಹೊಗೆ ತುಂಬಿದ ಗಾಳಿ. ಪಟ್ಟಿ ಓದುವಾಗ ಒಂದೊಂದಕ್ಕೂ ನನಗೆ ನಮ್ಮ ಓಣಿಯ ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬಂತು. ನಮ್ಮ ಅವ್ವನಿಗೆ ಇದರಲ್ಲಿ ಯಾವುದರಿಂದ ಬಂತು ಅಂತ ಬೊಟ್ಟು ಮಾಡಿ ತೋರಿಸಲು ಯಾರಿಂದಲೂ ಆಗುವುದಿಲ್ಲ. ಜಿಲ್ಲೆಯ ಮಟ್ಟದಲ್ಲಿ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮಾತ್ರ ಈ ಪಟ್ಟಿಯಿಂದ ಚೆನ್ನಾಗಿ ಗೊತ್ತಾಗುತ್ತದೆ.

ಈ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಇರುವವು ಎರಡು, ತಲಾ 7 ಶೇಕಡಾ. ಅದರಲ್ಲಿ ಒಂದು ಕೊಲೆಸ್ಟ್ರಾಲು, ಇನ್ನೊಂದು ಕಿವಿ. ಕಿವಿ ಕೇಳದವರು ಮಾತಿನಿಂದ ದೂರ ಸರಿಯುತ್ತಾರೆ. ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ. 2023ರಲ್ಲಿ ಅಮೆರಿಕದಲ್ಲಿ 70 ದಾಟಿದ, ಕಿವಿ ಮಂದವಾದವರ ಮೇಲೆ ಒಂದು ಪ್ರಯೋಗ ಮುಗಿಯಿತು. ಎಲ್ಲರನ್ನೂ ಸೇರಿಸಿ ನೋಡಿದಾಗ ಶ್ರವಣ ಸಾಧನದಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಮೂರು ವರ್ಷದಲ್ಲಿ ಬುದ್ಧಿ ಕುಂದುವ ವೇಗ 48 ಶೇಕಡಾ ಕಡಿಮೆಯಾಯಿತು. ಬಿಪಿ, ಸಕ್ಕರೆ, ಓದಿಲ್ಲದ್ದು, ಒಂಟಿತನ ಎಲ್ಲ ಕೂಡಿದ ನಮ್ಮ ಹಿರಿಯರು ಯಾವ ಗುಂಪಿಗೆ ಹತ್ತಿರ ಅಂತ ನೀವೇ ಯೋಚಿಸಿ.

ಅವ್ವನ ಕಿವಿಯನ್ನು ಕೊನೆಗೆ ನಾವೇ ಬೇರೆ ಕಡೆ ತೋರಿಸಿದೆವು. ಹಾಗೆ ಮಾಡಿ ಅಂದವರು ನಮ್ಮ ಪಕ್ಕದ ಮನೆಯ ನಿವೃತ್ತ ನರ್ಸ್. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ತೆಗೆದ ಮೇಲೆ ಪರೀಕ್ಷೆ ಮಾಡಿದರೆ ಕಿವಿಯೂ ಮಂದ. ರಕ್ತದಲ್ಲಿ ಬಿ12 ಕಡಿಮೆ. ಸಾಧನ ಹಾಕಿಸಿದೆವು, ಇಂಜೆಕ್ಷನ್ ಆಯಿತು, ನಿದ್ದೆ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಬಿಡಿಸಿದೆವು. ಅವ್ವನ ಮರೆವು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಕರೆದರೆ ತಿರುಗುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಮೊಮ್ಮಗಳ ಜೊತೆ ಜಗಳ ಆಡುತ್ತಾಳೆ. ಇಷ್ಟನ್ನು ಮೊದಲ ದಿನವೇ ಆಸ್ಪತ್ರೆಯಲ್ಲಿ ಮಾಡಬಹುದಿತ್ತು. ಇದಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ. ಕಿವಿಗೆ ಹಿಡಿದು ನೋಡುವ ಒಂದು ಟಾರ್ಚು ಸಾಕಿತ್ತು.

ಓದಿನ ವಿಷಯಕ್ಕೂ ಒಂದು ಮಾತು. 1951ರ ಜನಗಣತಿಯಲ್ಲಿ ದೇಶದ ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಒಂಬತ್ತು ಜನ. ಆ ಸುತ್ತಿನಲ್ಲಿ ಹುಟ್ಟಿದವರೇ ಇವತ್ತು ಎಪ್ಪತ್ತು ದಾಟಿದವರು. ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ ಜನರಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಶಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಶಾಲೆಗೆ ಕಳಿಸದೆ ಒಂದು ಸಲ ಅನ್ಯಾಯ ಮಾಡಿದ್ದಾಯಿತು. ಈಗ ಓದಿದವರಿಗೆ ಅಂತ ಮಾಡಿದ ಪ್ರಶ್ನೆಗಳನ್ನು ಮುಂದಿಟ್ಟು ಅಂಕ ಕಳೆಯುವುದು ಇನ್ನೊಂದು ಅನ್ಯಾಯ. ಹರಿಯಾಣದ ಬಲ್ಲಭ್‌ಗಢದಲ್ಲಿ ಓದು ಬಾರದ ಹಿರಿಯರಿಗಾಗಿಯೇ ಹಿಂದಿಯಲ್ಲಿ ಬೇರೆ ಪರೀಕ್ಷೆಯನ್ನು 1990ರ ದಶಕದಲ್ಲೇ ಮಾಡಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಒಂದು ಕಟ್ಟನ್ನು ಸಿದ್ಧಪಡಿಸಿದೆ. ಹೀಗಿರುವಾಗ ನಮ್ಮ ಜಿಲ್ಲೆಯ ವೈದ್ಯರ ಮೇಜಿನ ಮೇಲೆ ಕನ್ನಡದ, ಹೆಬ್ಬೆಟ್ಟಿನವರಿಗೂ ಒಪ್ಪುವ ಪರೀಕ್ಷೆ ಇರಬೇಕು.

ಈಗ ಗಾಳಿ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ ಗಾಳಿ ಸರಿಯಿಲ್ಲದ ನಗರಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ನಾಲ್ಕು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತೆ ನಮ್ಮ ದಾವಣಗೆರೆ. ಗಾಳಿಯಲ್ಲಿ ತೇಲುವ ಪಿಎಂ 2.5 ಅನ್ನುವ ಸಣ್ಣ ಕಣ ಶ್ವಾಸಕೋಶದಿಂದ ರಕ್ತಕ್ಕೆ ಇಳಿಯುತ್ತದೆ, ರಕ್ತನಾಳಗಳನ್ನು ಕೆಡಿಸುತ್ತದೆ, ಮಿದುಳಿಗೂ ಹಾನಿ ಮಾಡುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ 40. ಭಟ್ಟಿಗಳಲ್ಲಿ ಭತ್ತದ ಹೊಟ್ಟು, ಕಟ್ಟಿಗೆ ಉರಿಯುತ್ತದೆ. ಹಳೆಯ ಟೈರುಗಳನ್ನೂ ಉರಿಸಿದ್ದಾರೆ. ಟೈರಿನ ಹೊಗೆ ಹೇಗಿರುತ್ತದೆ ಅಂತ ಭಟ್ಟಿಗಳಿರುವ ಬಡಾವಣೆಯಲ್ಲಿ ಒಗೆದ ಬಟ್ಟೆ ಒಣಹಾಕಿದ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಬಿಳಿ ಬಟ್ಟೆ ಬಿಳಿಯಾಗಿ ಮನೆಯೊಳಗೆ ಬರುತ್ತಿರಲಿಲ್ಲ.

ಭಟ್ಟಿ ಮುಚ್ಚಿಸಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಅದೇ ಭಟ್ಟಿಯ ಕೂಲಿಯಲ್ಲಿ ನಾನು ಓದಿದ್ದು. ಸಾವಿರಾರು ಮನೆಯ ಒಲೆ ಉರಿಯುವುದು ಅದರಿಂದಲೇ. ನಮ್ಮೂರಿನ ಮಂಡಕ್ಕಿ ಇಲ್ಲದೆ ನಮಗೆ ಸಂಜೆಯೇ ಇಲ್ಲ. ಟೈರು ಸುಡುವುದು ಎಲ್ಲೇ ಕಂಡರೂ ಅವತ್ತೇ ನಿಲ್ಲಿಸಿ. ಹೊಗೆ ಕಡಿಮೆ ಮಾಡುವ ಒಲೆ, ಎತ್ತರದ ಚಿಮಣಿ, ಒಳಗೆ ಗಾಳಿ ಆಡುವ ವ್ಯವಸ್ಥೆಗೆ ಸಣ್ಣ ಮಾಲೀಕರಿಗೆ ಸಾಲ, ಸಬ್ಸಿಡಿ ಕೊಡಿಸಿ. ಭಟ್ಟಿಯ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕಣ್ಣು, ಕಿವಿ, ಶ್ವಾಸ ನೋಡುವ ಶಿಬಿರ ಮಾಡಿ. ಅವರಲ್ಲಿ ಬಹಳ ಜನ ಮೂವತ್ತು, ನಲವತ್ತರವರು. ಮರೆವಿನ ಬೀಜ ಬೀಳುವುದು ಆ ವಯಸ್ಸಿನಲ್ಲೇ. ಎಪ್ಪತ್ತಕ್ಕೆ ನೋಡಿದರೆ ತಡವಾಯಿತು.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂದಿದ್ದು 2007ರಲ್ಲಿ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೇ ಮೀಸಲಾದ ಸೌಲಭ್ಯ ಇರಬೇಕು, ಅದಕ್ಕೆ ಹಿರಿಯರ ಆರೈಕೆಯಲ್ಲಿ ಅನುಭವ ಇರುವ ವೈದ್ಯಾಧಿಕಾರಿ ಇರಬೇಕು ಅಂತ ಅದರ 20ನೇ ಕಲಮು ಹೇಳುತ್ತದೆ. ಹಿರಿಯರ ಆರೋಗ್ಯಕ್ಕೆ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಬಡ ಹಿರಿಯರಿಗೆ ಕನ್ನಡಕ, ಶ್ರವಣ ಸಾಧನ ಕೊಡುವ ವಯೋಶ್ರೀ ಯೋಜನೆ 2017ರಿಂದ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನೂ ಶುರು ಮಾಡಿದೆ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿಕೊಟ್ಟಿದ್ದು ಆ ಜಿಲ್ಲೆ. ಆಗ ಅಲ್ಲಿ ಆಗಿದ್ದು ಈಗ ಇಲ್ಲಿ ಯಾಕೆ ಆಗಬಾರದು?

ಹಾಗಾಗಿ ನನ್ನ ಕೋರಿಕೆಗಳು ಸಣ್ಣವು, ಆದರೆ ದಿನಾಂಕ ಸಮೇತ ಉತ್ತರ ಬೇಕು. ಬಿಪಿ, ಸಕ್ಕರೆ ನೋಡಲು ಮನೆಗೆ ಬರುವ ಸಿಬ್ಬಂದಿ 60 ದಾಟಿದವರಿಗೆ ಕಿವಿ, ಕಣ್ಣು, ಮರೆವು, ನುಂಗುವ ಮಾತ್ರೆಗಳ ಬಗ್ಗೆಯೂ ಕೇಳಲಿ. ಈ ಹೆಚ್ಚಿನ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಸುಮ್ನೆ ಕಟ್ಟಬೇಡಿ, ಅದಕ್ಕೆ ತಕ್ಕ ದುಡ್ಡು ಕೊಡಿ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಹರಿಹರ, ದಾವಣಗೆರೆ, ಪ್ರತಿ ತಾಲ್ಲೂಕಿನಲ್ಲೂ ವಾರಕ್ಕೊಂದು ದಿನ ಹಿರಿಯರ ಮರೆವಿನ ತಪಾಸಣೆ ನಡೆಯಲಿ. ಅಲ್ಲಿ ಕಿವಿ ಪರೀಕ್ಷೆ, ಬಿ12, ಥೈರಾಯ್ಡ್ ಪರೀಕ್ಷೆ ಉಚಿತವಾಗಿ ಆಗಲಿ. ಶ್ರವಣ ಸಾಧನ ಕೊಟ್ಟ ಮೇಲೆ ಅದರ ಬ್ಯಾಟರಿ, ರಿಪೇರಿಗೂ ತಾಲ್ಲೂಕಿನಲ್ಲೇ ವ್ಯವಸ್ಥೆ ಇರಲಿ. ಬ್ಯಾಟರಿ ಮುಗಿದು ಪೆಟ್ಟಿಗೆಯಲ್ಲಿ ಬಿದ್ದಿರುವ ಸಾಧನಗಳನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ವೈದ್ಯರ ಚೀಟಿ ಇಲ್ಲದೆ, ತಜ್ಞರ ಸಲಹೆ ಇಲ್ಲದೆ ಮರೆವಿನ ಜೀನ್ ಪರೀಕ್ಷೆಯನ್ನು ಭಯ ಹುಟ್ಟಿಸಿ ಮಾರುವ ಲ್ಯಾಬುಗಳ ಬಗ್ಗೆ ಜನರಿಗೆ ಎಚ್ಚರಿಕೆ ಕೊಡುವ ಪ್ರಕಟಣೆಯನ್ನು ಆರೋಗ್ಯ ಇಲಾಖೆ ಹೊರಡಿಸಲಿ.

ಕೊನೆಯದಾಗಿ, ನೋಡಿಕೊಳ್ಳುವವರ ಮಾತು. ಮರೆವಿನ ಹಿರಿಯರ ಹಿಂದೆ ಹಗಲು ರಾತ್ರಿ ಇರುವವರು ಹೆಚ್ಚಾಗಿ ಸೊಸೆ, ಮಗಳು, ಹೆಂಡತಿ. ಅವರು ಕೂಲಿಗೆ ಹೋಗಲಾರರು, ಒಂದು ಮದುವೆಗೆ ಹೋಗಲಾರರು. ಹಿರಿಯರ ಸಹಾಯವಾಣಿ 14567, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416 ಇವೆ, ಆದರೆ ನನ್ನ ಓಣಿಯಲ್ಲಿ ಈ ಎರಡು ನಂಬರು ಗೊತ್ತಿದ್ದವರು ನನಗೆ ಸಿಗಲಿಲ್ಲ. ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಇವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ನಗರದಲ್ಲಿ ಒಂದು ಕಡೆಯಾದರೂ ಹಗಲು ಹೊತ್ತು ಹಿರಿಯರನ್ನು ಬಿಟ್ಟು ಹೋಗುವಂಥ ಆರೈಕೆ ಕೇಂದ್ರ ತೆರೆಯಿರಿ. ಜಾಗ ಹುಡುಕುವುದು, ಮನೆಗಳ ಪಟ್ಟಿ ಮಾಡುವುದು, ಶನಿವಾರ ಮಧ್ಯಾಹ್ನ ಬಂದು ಕೂರುವುದು, ಈ ಕೆಲಸಗಳಿಗೆ ನಾನು ಮತ್ತು ನಮ್ಮ ಶಾಲೆಯ ಇನ್ನೂ ಕೆಲವು ಶಿಕ್ಷಕರು ಸಿದ್ಧ ಇದ್ದೇವೆ. ಯಾವ ಅಧಿಕಾರಿಯನ್ನು ಯಾವಾಗ ಕಾಣಬೇಕು ಅಂತ ತಿಳಿಸಿದರೆ ಬಂದು ಕಾಣುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಪ್ರೌಢಶಾಲಾ ಶಿಕ್ಷಕಿ